ಹಸಿ ಇಟ್ಟಿಗೆಯ ಮೇಲೆ ಬರೆದದ್ದು

ನಮ್ಮ ಶಾಲೆಯಲ್ಲಿ ಸ್ಲೇಟು ಇರಲಿಲ್ಲ. ಇಟ್ಟಿಗೆ ಇತ್ತು.

ಶಾಲೆ ಅಂದರೆ ಮಾಲೂರಿನ ಆಚೆ, ಇಟ್ಟಿಗೆ ಗೂಡಿನ ಪಕ್ಕ ನಾಲ್ಕು ಗಳ ನೆಟ್ಟು ಮೇಲೆ ನೀಲಿ ಟಾರ್ಪಾಲು ಕಟ್ಟಿದ ಜಾಗ. ಗೂಡಿನಲ್ಲಿ ದುಡಿಯಲು ಬಂದವರ ಮಕ್ಕಳು ಹತ್ತು ಹದಿನೈದು ಇರುತ್ತಿದ್ದವು. ಟೀಚರಮ್ಮ ಶುಕ್ರವಾರ ಮಾತ್ರ ಬರುತ್ತಿದ್ದರು, ಅವರಿಗೆ ಇನ್ನೂ ಮೂರು ಗೂಡುಗಳ ಮಕ್ಕಳಿದ್ದವು. ಉಳಿದ ದಿನ ನಾನೇ. ನಾನು ಅದೇ ಗೂಡಿನಲ್ಲಿ ಮಣ್ಣು ತುಳಿದವಳು. ಮಂಡಿ ಹೋದ ಮೇಲೆ ಮಕ್ಕಳನ್ನು ನೋಡಿಕೋ ಅಂತ ಕೂರಿಸಿದರು. ಅಕ್ಷರ ಕಲಿತದ್ದು ಮೊಮ್ಮಕ್ಕಳು ಹುಟ್ಟಿದ ಮೇಲೆ, ಹೆಂಗಸರಿಗೆ ಅಂತ ಸಂಜೆ ನಡೆಸುತ್ತಿದ್ದ ಕ್ಲಾಸಿನಲ್ಲಿ. ಒತ್ತಕ್ಷರ ಬಂದರೆ ಈಗಲೂ ನಿಂತು ನೋಡಬೇಕು.

ಆ ವರ್ಷ ಟೀಚರಮ್ಮ ಒಂದು ಹಾಳೆಯಲ್ಲಿ ನಾಲ್ಕು ಪದ ಬರೆದುಕೊಟ್ಟರು. ಮತ್ತು, ಆದರೆ, ಆದ್ದರಿಂದ, ಏಕೆಂದರೆ.

"ಸಣ್ಣ ಸಣ್ಣ ವಾಕ್ಯ ಬರೆಯೋಕೆ ಮಕ್ಕಳಿಗೆ ಬಂದಿದೆ. ಇನ್ನು ಎರಡು ವಾಕ್ಯ ಕೂಡಿಸಿ ಒಂದು ಮಾಡೋದು ಹೇಳಿಕೊಡಿ" ಅಂದರು.

"ಹಿಂಗೆ ಯಾರು ಮಾತಾಡ್ತಾರೆ ಟೀಚರಮ್ಮಾ? ಮಳೆ ಬಂದು ಇಟ್ಟಿಗೆ ಕರಗೋಯ್ತು ಅಂತೀವಿ. ಮಳೆ ಬಂತು, ಆದ್ದರಿಂದ, ಇಟ್ಟಿಗೆ ಕರಗಿತು ಅಂತ ಕೂತ್ಕೊಂಡು ಯಾರಂತಾರೆ?"

"ಪುಸ್ತಕದಲ್ಲಿ ಅಂತಾರೆ. ನಾಳೆ ದೊಡ್ಡ ಶಾಲೆಗೆ ಸೇರಿದ್ರೆ ಇದೆಲ್ಲ ಬೇಕಾಗ್ತದೆ."

ಸರಿ ಅಂದೆ. ಅಚ್ಚಿನಿಂದ ತೆಗೆಯುವಾಗ ಮೂಲೆ ಮುರಿದ ಹಸಿ ಇಟ್ಟಿಗೆಗಳು ದಿನಾ ಬೇಕಾದಷ್ಟು ಸಿಗುತ್ತಿದ್ದವು. ಹೇಗೂ ಅವನ್ನು ಮಣ್ಣಿನ ಗುಂಡಿಗೆ ಹಾಕಿ ಮತ್ತೆ ತುಳಿಯುತ್ತಾರೆ. ಅಲ್ಲಿತನಕ ಅವು ನಮ್ಮವು. ಪೊರಕೆ ಕಡ್ಡಿ ತೆಗೆದುಕೊಂಡು ಒಂದು ಇಟ್ಟಿಗೆಯ ಮೇಲೆ ಒಂದು ವಾಕ್ಯ ಗೀರಬೇಕು, ಇನ್ನೊಂದರ ಮೇಲೆ ಇನ್ನೊಂದು. ಆ ನಾಲ್ಕು ಪದಗಳನ್ನು ನಾನು ನಾಲ್ಕು ಇಟ್ಟಿಗೆಯಲ್ಲಿ ಬರೆದು ಗೂಡಿನಲ್ಲಿ ಸುಡಿಸಿಟ್ಟುಕೊಂಡೆ. ಯಾವ ಪದ ಬೇಕೋ ಆ ಇಟ್ಟಿಗೆ ಎತ್ತಿ ತಂದು ಎರಡು ವಾಕ್ಯಗಳ ಮಧ್ಯೆ ಇಡಬೇಕು. ಆಮೇಲೆ ಗಟ್ಟಿಯಾಗಿ ಓದಬೇಕು. ಸರಿಯಾಗಿದ್ದರೆ ಮೂಲೆ ಮುರಿಯದ ಒಂದು ಒಳ್ಳೇ ಇಟ್ಟಿಗೆಯ ಮೇಲೆ ಪೂರ್ತಿ ಬರೆಯಬೇಕು. ಒಳ್ಳೇ ಇಟ್ಟಿಗೆ ಕೊಡಲು ಮೇಸ್ತ್ರಿ ಗೊಣಗುತ್ತಿದ್ದ. ಮಧ್ಯಾಹ್ನಕ್ಕೆ ಒದ್ದೆ ಬಟ್ಟೆಯಲ್ಲಿ ಬರಹ ಒರೆಸಿ ಸಾಲಿಗೆ ವಾಪಸು ಇಡುತ್ತೇನೆ ಅಂದ ಮೇಲೆ ಸುಮ್ಮನಾದ.

ಮಕ್ಕಳಲ್ಲಿ ಮುಕ್ಕಾಲು ಪಾಲು ಮನೆಯಲ್ಲಿ ತೆಲುಗು ಆಡುವವು. "ಕಾನಿ ಅಂತೀರಲ್ಲ, ಅದೇ ಆದರೆ" ಅಂದರೆ ತಿಳಿಯುತ್ತಿತ್ತು. ಮೊದಮೊದಲು ತಮಾಷೆಯಾಗೇ ಇತ್ತು. ಒಬ್ಬ ಬರೆದ: ಮೇಸ್ತ್ರಿ ಬಂದನು. ನಾವು ಓಡಿದೆವು. ಮಧ್ಯೆ ಯಾವುದು ಇಡುವುದು ಅಂತ ಜಗಳ.

"ಮತ್ತು ಇಡೋ."

"ಆದ್ದರಿಂದ ಕಣೋ, ಮೇಸ್ತ್ರಿ ಬಂದಿದ್ದಕ್ಕೇ ತಾನೇ ಓಡಿದ್ದು?"

"ನಾನು ಮೇಸ್ತ್ರಿ ಬರೋಕೆ ಮುಂಚೆನೇ ಓಡಿದ್ದೆ ಹೋಗ್ಲಾ."

ಮೇಸ್ತ್ರಿ ಹಿಂದೆಯೇ ನಿಂತು ಕೇಳಿಸಿಕೊಳ್ಳುತ್ತಿದ್ದ. ಅವತ್ತೆಲ್ಲ ನಕ್ಕಿದ್ದೇ ನಕ್ಕಿದ್ದು.

ಅಲ್ಲಿ ಒಂದು ಹೆಣ್ಣು ಮಗು ಇತ್ತು, ಏಳು ವರ್ಷ. ಶ್ರೀನಿವಾಸಪುರದ ಕಡೆಯವರು. ಸಂಕ್ರಾಂತಿ ಮುಗಿಸಿ ಗೂಡಿಗೆ ಬಂದರೆ ಮಾವಿನಕಾಯಿ ಕೀಳುವ ಹೊತ್ತಿಗೆ ಊರಿಗೆ ಹೋಗುವರು. ಅಪ್ಪ ಅಚ್ಚು ಹಾಕುತ್ತಿದ್ದ, ತಾಯಿ ಇಟ್ಟಿಗೆ ಹೊರುತ್ತಿದ್ದಳು. ಇವಳ ಕೆಳಗೆ ಇನ್ನೊಂದು ಹೆಣ್ಣು, ಆಗಿನ್ನೂ ಸೊಂಟದ ಮೇಲಿನ ಕೂಸಿನ ಹಾಗೆ ತಾಯಿಯ ಸೆರಗು ಬಿಡುತ್ತಿರಲಿಲ್ಲ. ದೊಡ್ಡವಳು ಮುದ್ದು ಬರುವಂಥ ಮಗುವೇನಲ್ಲ. ಮೂಗು ಸುರಿಯುತ್ತಿತ್ತು, ಹಟ ಜಾಸ್ತಿ, ಬಾಯಿ ಬಿಟ್ಟು ಮಾತಾಡುತ್ತಿರಲಿಲ್ಲ. ಬರೆ ಅಂದರೆ ಬರೆಯುವಳು. ಆದರೆ ಕೂಡಿಸು ಅಂದರೆ ಕೂಡಿಸುತ್ತಿರಲಿಲ್ಲ. ನಾಯಿ ಇದೆ. ಬಾಲ ಇದೆ. ಅಷ್ಟೇ, ಎರಡೂ ಬೇರೆ ಬೇರೆ ಬಿದ್ದಿರುತ್ತಿದ್ದವು. ಮಧ್ಯೆ ಇಟ್ಟಿಗೆ ಇಡೇ ಅಂದರೆ ತಲೆ ತಗ್ಗಿಸಿ ಕೂತುಬಿಡುವಳು. ಎರಡು ವಾರ ಹೀಗೇ ಆಯಿತು. ಇದಕ್ಕೆ ತಲೆಗೆ ಹತ್ತಲ್ಲ ಅಂತ ನಾನೇ ಬಿಟ್ಟಿದ್ದೆ.

ಒಂದು ಮಂಗಳವಾರ ಅವಳು ತಡವಾಗಿ ಬಂದಳು. ಮೂಲೆಯಲ್ಲಿ ಕೂತು ಬರೆದಳು. ಹೋಗಿ ನೋಡಿದೆ. ನನಗೆ ಹೊಟ್ಟೆ ನೋಯುತದೆ.

"'ತ'ಕ್ಕೆ ಒತ್ತು ಎಲ್ಲೇ?" ಅಂದೆ. "ನೋಯುತ್ತದೆ. ಒತ್ತು ಹಾಕು."

ಹಾಕಿದಳು. ಎರಡನೇ ಇಟ್ಟಿಗೆಯ ಮೇಲೆ ಬರೆದಳು: ಅಮ್ಮ ಶಾಲೆಗೆ ಹೋಗು ಎಂದಳು. ಒಂದು ತಪ್ಪೂ ಇರಲಿಲ್ಲ. ಈಗ ಮಧ್ಯದ್ದು ತಗೊಂಡು ಬಾ ಅಂದೆ. ಎದ್ದು ಹೋಗಿ ನಾಲ್ಕು ಇಟ್ಟಿಗೆಗಳನ್ನೂ ನೋಡಿ, "ಆದರೆ" ಇದ್ದದ್ದನ್ನು ಎತ್ತಿದಳು. ಎತ್ತಿದವಳು ಎರಡು ಹೆಜ್ಜೆ ಇಟ್ಟು, ಅರ್ಧ ದಾರಿಯಲ್ಲಿ ಇಟ್ಟಿಗೆ ಮಡಿಲಲ್ಲಿ ಇಟ್ಟುಕೊಂಡು ಕೂತುಬಿಟ್ಟಳು.

ನಾನು ಏನಂದೆ ಅಂತ ಬರೆಯಬೇಕು. ಬರೆಯದಿದ್ದರೆ ಈ ಬರಹವೇ ಬೇಡ.

"ಏನೇ, ಒಂದು ಇಟ್ಟಿಗೆ ಎತ್ತೋಕೆ ತುಂಬಿದ ಬಸುರಿ ತರ ಕೂತ್ಕೊಳ್ತೀಯಲ್ಲೇ!"

ಮಕ್ಕಳೆಲ್ಲ ನಕ್ಕವು. ಅವಳೂ ಸ್ವಲ್ಪ ನಕ್ಕಳು. ಎದ್ದು ತಂದು ಇಟ್ಟಳು, ಓದಿದಳು. ನನಗೆ ಹೊಟ್ಟೆ ನೋಯುತ್ತದೆ ಆದರೆ ಅಮ್ಮ ಶಾಲೆಗೆ ಹೋಗು ಎಂದಳು.

ನನಗೆ ಎಷ್ಟು ಖುಷಿ ಆಯಿತು ಅಂದರೆ ಚಪ್ಪಾಳೆ ತಟ್ಟಿದೆ. ಎರಡು ವಾರ ಕೂಡಿಸದಿದ್ದವಳು ಕೂಡಿಸಿದ್ದಳು, ಅದೂ ಸರಿಯಾದ ಪದ ಇಟ್ಟು. ಒಳ್ಳೇ ಇಟ್ಟಿಗೆ ಕೊಟ್ಟು ಪೂರ್ತಿ ಬರೆಸಿದೆ. ಅದನ್ನು ಒರೆಸಲಿಲ್ಲ. ಶುಕ್ರವಾರ ಟೀಚರಮ್ಮನಿಗೆ ತೋರಿಸಬೇಕು ಅಂತ ಒಣಗಲು ಹಾಕಿದ ಸಾಲಿನ ತುದಿಯಲ್ಲಿ ಇಟ್ಟೆ.

"ಅವ್ವಾ, ಮನೆಗೆ ಹೋಗ್ಲಾ?" ಅಂದಳು. ಮಕ್ಕಳು ನನ್ನನ್ನು ಅವ್ವ ಅಂತಲೇ ಕರೆಯುತ್ತಿದ್ದವು, ತೆಲುಗಿನಲ್ಲಿ ಅಜ್ಜಿಗೆ ಹಾಗೆ.

"ಶಾಲೆ ಬಿಟ್ಟ ಮೇಲೆ ಹೋಗು" ಅಂದೆ.

ಕೂತಳು. ಬಲಗಡೆಗೆ ಬಾಗಿ ಕೂತಿದ್ದಳು. ಅದು ನನ್ನ ಕಣ್ಣಿಗೆ ಬಿದ್ದಿತ್ತು. ಕಂಡರೂ ನಾನು ನೋಡಿದ್ದು ವಾಕ್ಯವನ್ನು.

ಮಾರನೇ ದಿನ ಬರಲಿಲ್ಲ. ಜ್ವರ ಅಂದರು. ತಾಯಿ ಓಂಕಾಳು ಕುದಿಸಿ ಕೊಟ್ಟಳು, ದೃಷ್ಟಿ ತೆಗೆದಳು. ಗುರುವಾರ ಬೆಳಿಗ್ಗೆ ಹೊಟ್ಟೆ ಹಲಗೆಯಾಗಿತ್ತಂತೆ. ಇಟ್ಟಿಗೆ ಲಾರಿಯಲ್ಲೇ ಕೋಲಾರಕ್ಕೆ ಕರೆದುಕೊಂಡು ಹೋದರು. ಹೊಟ್ಟೆಯ ಒಳಗೆ ಕರುಳಿನ ಪಕ್ಕ ಏನೋ ಒಡೆದು ಕೀವಾಗಿದೆ, ಎರಡು ದಿನ ಮುಂಚೆ ತಂದಿದ್ದರೆ ಅಂತ ಡಾಕ್ಟರು ಅಂದರಂತೆ. ಸಂಜೆಗೆ ಮಗು ಹೋಯಿತು.

ಎರಡು ದಿನ ಮುಂಚೆ ಅಂದರೆ ಮಂಗಳವಾರ. ನಾನು ಬೆರಳಲ್ಲಿ ಎಣಿಸಿದೆ. ಮತ್ತೆ ಎಣಿಸಿದೆ.

ಶುಕ್ರವಾರ ಟೀಚರಮ್ಮ ಬಂದರು, ಅತ್ತರು, ಮಕ್ಕಳಿಗೆ ಬಿಸ್ಕತ್ತು ಹಂಚಿ ಹೋದರು. ಆ ಇಟ್ಟಿಗೆಯನ್ನು ನಾನು ತೋರಿಸಲಿಲ್ಲ. ಬರಹ ಕೆಳಗೆ ಮಾಡಿ ಮಗುಚಿ ಇಟ್ಟಿದ್ದೆ. ಗುಂಡಿಗೆ ಹಾಕಿ ತುಳಿಸಿದ್ದರೆ ಆಗುತ್ತಿತ್ತು. ದಿನಾ ಅದರ ಹತ್ತಿರ ಹೋಗುವುದು, ಎತ್ತಲು ಬಗ್ಗುವುದು, ವಾಪಸು ಬರುವುದು. ಒಂದು ದಿನ ಹೋಗಿ ನೋಡಿದರೆ ಸಾಲೇ ಇಲ್ಲ. ಒಣಗಿದ ಇಟ್ಟಿಗೆಯನ್ನೆಲ್ಲ ಗೂಡಿಗೆ ಜೋಡಿಸಿ ಬೆಂಕಿ ಇಟ್ಟಿದ್ದರು.

ಗೂಡು ಉರಿಯುತ್ತಿರುವಾಗಲೇ ತಾಯಿ ನನ್ನ ಹತ್ತಿರ ಬಂದಳು. ಹನ್ನೊಂದನೇ ದಿನದ ಕಾರ್ಯ ಮುಗಿಸಿ ಕೆಲಸಕ್ಕೆ ಇಳಿದಿದ್ದಳು.

"ಅವ್ವಾ, ಕೊನೇ ದಿನ ನನ್ನ ಮಗಳು ಏನೋ ಬರೆದ್ಲಂತೆ. ನೀನು ಚಪ್ಪಾಳೆ ತಟ್ಟಿದೆಯಂತೆ. ಟೀಚರಮ್ಮನಿಗೆ ತೋರಿಸ್ತಾರೆ ಅಂತ ನಂಗೆ ಹೇಳಿದ್ಲು. ಏನು ಬರೆದಿದ್ಲು?"

ಅವಳಿಗೆ ಓದು ಬರದು. ಗಂಡನಿಗೂ ಬರದು. ಅಲ್ಲಿದ್ದ ದೊಡ್ಡವರಲ್ಲಿ ಆ ಇಟ್ಟಿಗೆ ಓದಿದವಳು ನಾನೊಬ್ಬಳೇ.

"ಅಮ್ಮ ಮುದ್ದೆ ಮಾಡಿದಳು ಮತ್ತು ನಾನು ಉಂಡೆನು ಅಂತ ಬರೆದಿದ್ಲು" ಅಂದೆ.

ಅಷ್ಟು ಬೇಗ ಸುಳ್ಳು ಬಾಯಿಗೆ ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲ. ತಾಯಿ ಮನಸ್ಸು ನೋಯಬಾರದು ಅಂತ ಹೇಳಿದೆ ಅಂದುಕೊಂಡೆ. ಆ ವಾಕ್ಯದಲ್ಲಿ ಅವಳೂ ಇದ್ದಳಲ್ಲ, ಶಾಲೆಗೆ ಹೋಗು ಅಂದವಳು. ಆದರೆ ನಾನು ಉಳಿಸಿಕೊಂಡದ್ದು ನನ್ನನ್ನು. ಒತ್ತು ಎಲ್ಲೇ ಅಂತ ಕೇಳಿದವಳನ್ನು.

ಅವಳು ನನ್ನನ್ನೇ ನೋಡಿದಳು. "ಅವತ್ತು ಅದು ಮುದ್ದೆ ಮುಟ್ಟಲೇ ಇಲ್ಲ ಅವ್ವಾ. ತಟ್ಟೆ ಹಂಗೇ ಬಿಟ್ಟು ಬಂದಿತ್ತು. ಉಂಡೆ ಅಂತ ಬರೆದ್ಲಾ?"

ನಾನು ಗೂಡಿನ ಹೊಗೆಯ ಕಡೆ ನೋಡಿದೆ.

"ಬೈದಿದ್ದೆ, ಉಣ್ಣಲಿಲ್ಲ ಅಂತ. ಅಮ್ಮನಿಗೆ ಬೇಜಾರಾಗದೇ ಇರ್ಲಿ ಅಂತ ಹಂಗೆ ಬರೆದಿದ್ದಾಳೆ" ಅಂದಳು. ಅಂದು ಕಣ್ಣು ಒರೆಸಿಕೊಂಡು, ಹನ್ನೊಂದು ದಿನದಲ್ಲಿ ಮೊದಲ ಸಲ ಮುಖ ಸಡಿಲ ಮಾಡಿದಳು. "ಆ ಇಟ್ಟಿಗೆ ನಂಗೆ ಬೇಕು ಅವ್ವಾ. ಗೂಡು ಬಿಚ್ಚಿದಾಗ ಹುಡುಕಿಕೊಡು. ಓದೋಕೆ ಬರದಿದ್ರೂ ಇಟ್ಕೊಳ್ತೀನಿ."

ಗೂಡು ಆರಿ ಬಿಚ್ಚುವ ಹೊತ್ತಿಗೆ ನನಗೆ ಚಳಿಜ್ವರ ಬಂದು ನಾಲ್ಕು ದಿನ ಮಲಗಿದೆ. ಎದ್ದು ಬರುವಷ್ಟರಲ್ಲಿ ಲಾರಿಗಳು ತುಂಬಿ ಹೋಗಿದ್ದವು. ಎಲ್ಲಿಗೆ ಹೋಯಿತು ಅಂತ ಡ್ರೈವರನಿಗೆ ಫೋನು ಮಾಡಿಸಿದೆ. ಎಲ್ಲಾ ಲೋಡೂ ಮುಳಬಾಗಿಲು ದಾಟಿ ನಂಗಲಿ ರಸ್ತೆಗೆ, ಒಂದು ಛತ್ರದ ಕಾಂಪೌಂಡಿಗೆ ಅಂದ.

ಹುಡುಕಿ ತಂದುಕೊಡಲು ಹೋದೆನೋ, ತಾಯಿಯ ಕೈಗೆ ಸಿಗದಂತೆ ಮಾಡಲು ಹೋದೆನೋ, ನನಗೇ ಗೊತ್ತಿಲ್ಲ. ಕೋಲಾರದಲ್ಲಿ ಬಸ್ಸು ಬದಲಿಸಿ, ಮುಳಬಾಗಿಲಲ್ಲಿ ಇನ್ನೊಂದು ಬಸ್ಸು ಹತ್ತಿ ಹೋದೆ. ಹೆದ್ದಾರಿಯ ಪಕ್ಕ ಲಾರಿ ಸಾಲು, ಧೂಳು. ಗೋಡೆ ಎದೆಯುದ್ದ ಎದ್ದಿತ್ತು. ಗಾರೆ ಕೆಲಸದವರು ಟೀ ಕುಡಿಯುತ್ತಿದ್ದರು.

"ಏನವ್ವಾ, ಇಟ್ಟಿಗೆ ಬೇಕಿತ್ತಾ?" ಅಂದ ಒಬ್ಬ.

"ಇಟ್ಟಿಗೆ ಓದಬೇಕಿತ್ತು."

ಎಲ್ಲರೂ ನಕ್ಕರು. "ನಾವು ಕಟ್ಟೋದಕ್ಕೆ ಇಟ್ಕೊಂಡಿದೀವಿ, ನೀನು ಓದೋಕೆ ಬಂದ್ಯಾ? ಹೋಗು, ಆ ಕಡೆ ಎರಡು ಸಾವಿರ ಇದೆ, ಓದ್ಕೋ. ಪರೀಕ್ಷೆ ಯಾವಾಗ?"

ಉಳಿದ ಇಟ್ಟಿಗೆಗಳನ್ನು ಒಂದೊಂದೇ ಮಗುಚಿ ನೋಡಿದೆ. ಬಿಸಿಲು ನೆತ್ತಿಗೆ ಬಂತು. ಯಾವುದರಲ್ಲೂ ಇರಲಿಲ್ಲ. ಮಕ್ಕಳು ಬರೆದ ಇಟ್ಟಿಗೆ ಕಣಪ್ಪಾ, ಒಂದೇ ಒಂದು ಅಂದೆ. ಆಗ ಆ ಗಾರೆಯವನು ಲೋಟ ಕೆಳಗಿಟ್ಟ.

"ಹೊಟ್ಟೆ ನೋವಿನ ಇಟ್ಟಿಗೆನಾ?"

ನಾನು ಅವನ ಹತ್ತಿರ ಹೋದೆ.

"ಮೊನ್ನೆ ಕೈಗೆ ಬಂತು. ಹೊಟ್ಟೆ ನೋಯುತ್ತದೆ ಅಂತ ಏನೋ ಗೀಚಿತ್ತು. ಇಟ್ಟಿಗೆಗೆ ಹೊಟ್ಟೆ ನೋವಂತೆ ನೋಡ್ರೋ ಅಂತ ಎಲ್ಲರಿಗೂ ತೋರಿಸಿ ನಕ್ವಿ. ಗಾರೆ ಹಾಕಿ ಇಟ್ಬಿಟ್ಟೆ."

"ಎಲ್ಲಿ ಇಟ್ಟೆ?"

"ಎಲ್ಲಿ ಅಂತ ಹೇಳ್ಲಿ ಅವ್ವಾ? ಇಷ್ಟುದ್ದ ಗೋಡೆ." ಆಮೇಲೆ ನನ್ನ ಮುಖ ನೋಡಿ ಕೇಳಿದ, "ಯಾರು ಬರೆದಿದ್ದು? ನಿನ್ನ ಮೊಮ್ಮಗಳಾ?"

ಹೂಂ ಅಂದೆ. ಅಲ್ಲಿಗೆ ನಾನು ಹೇಳಿದ ಎರಡನೇ ಸುಳ್ಳು ಅದು, ಮೊದಲನೆಯದಕ್ಕಿಂತ ಹಗುರ. ಗೋಡೆಯ ಉದ್ದಕ್ಕೂ ನಡೆದು, ಆ ತುದಿಯಿಂದ ಈ ತುದಿಗೆ ಕೈ ಆಡಿಸಿಕೊಂಡು ಬಂದೆ. ಸಿಮೆಂಟು ಇನ್ನೂ ತೇವ ಇತ್ತು. ಬಸ್ಸಿಗೆ ಹೊತ್ತಾಯಿತು.

ದೆವ್ವ ಗಿವ್ವ ನಾನು ನಂಬುವವಳಲ್ಲ. ಬಂದರೆ ಬೈದು ಕಳಿಸುತ್ತೇನೆ. ಆದರೆ ಅವತ್ತಿನಿಂದ ಗಾರೆ ಬಳಿಯದ ಗೋಡೆ ಕಂಡರೆ ನನಗೆ ಆಗುವುದಿಲ್ಲ. ಮಾಲೂರಿನಲ್ಲಿ ಎಲ್ಲಿ ನೋಡಿದರೂ ಅವೇ. ರೈಲಿನ ಕಿಟಕಿಯಲ್ಲಿ ಕೂತರೆ ಅರ್ಧ ಕಟ್ಟಿದ ಮನೆಗಳು ಒಂದರ ಹಿಂದೆ ಒಂದು ಬರುತ್ತವೆ. ಪ್ರತಿ ಇಟ್ಟಿಗೆಯ ಒಳಮಗ್ಗುಲಲ್ಲೂ ಯಾರೋ ಏನೋ ಹೇಳಿ, ಅದರ ಮೇಲೆ ಗಾರೆ ಹಾಕಿ ಮುಚ್ಚಿದ ಹಾಗೆ. ನಾನು ಕಿಟಕಿ ಬಿಟ್ಟು ಒಳಗಡೆ ಸೀಟಿಗೆ ಕೂರುತ್ತೇನೆ.

ತಾಯಿಗೆ ಇಟ್ಟಿಗೆ ಸಿಗಲಿಲ್ಲ ಅಂದೆ. ಹೋಗ್ಲಿ ಬಿಡು ಅವ್ವಾ, ಮಾತು ಸಿಕ್ತಲ್ಲ ಅಂದಳು. ಮಾವಿನಕಾಯಿ ಕೀಳಲು ಊರಿಗೆ ಹೋದರು.

ಮುಂದಿನ ಸಂಕ್ರಾಂತಿ ಕಳೆದ ಮೇಲೆ ಮತ್ತೆ ಬಂದರು. ಬರದೆ ಇದ್ದರೆ ಸಾಕು ಅಂತ ನಾನು ಬಯಸಿದ್ದೆ. ಚಿಕ್ಕವಳಿಗೆ ಐದು ತುಂಬಿತ್ತು. ತಾಯಿ ಅವಳ ಕೈ ಹಿಡಿದು ಟಾರ್ಪಾಲಿನ ಕೆಳಗೆ ತಂದು ಕೂರಿಸಿ, "ಅವ್ವನಿಗೆ ಅಕ್ಕನ ಮಾತು ಹೇಳು" ಅಂದಳು.

ಮಗು ಕೈ ಕಟ್ಟಿ ನಿಂತು ರಾಗವಾಗಿ ಹೇಳಿತು. "ಅಮ್ಮ ಮುದ್ದೆ ಮಾಡಿದಳು ಮತ್ತು ನಾನು ಉಂಡೆನು."

"ಇಡೀ ವರ್ಷ ಮಲಗೋವಾಗ ಹೇಳಿಸಿದೀನಿ. ಇದಕ್ಕೆ ಮೊದಲು ಬರೆಯೋಕೆ ಕಲಿಸೋದು ಇದೇ ಆಗಿರ್ಲಿ" ಅಂದಳು ತಾಯಿ.

ನನ್ನ ಸುಳ್ಳನ್ನು ನಾನೇ ಇಟ್ಟಿಗೆಯ ಮೇಲೆ ಬರೆದು ಆ ಮಗುವಿಗೆ ತಿದ್ದಿಸಿದೆ. ಉಳಿದ ಮಕ್ಕಳಿಗೂ ಆ ರಾಗ ಹಿಡಿಸಿತು. ನೀರು ಕುಡಿಯಲು ಹೋಗುವಾಗ ಅದೇ, ಕುಂಟೆಬಿಲ್ಲೆ ಆಡುವಾಗ ಅದೇ. ಕಿವಿ ಮುಚ್ಚಿದರೂ ಕೇಳುತ್ತಿತ್ತು. ಮಕ್ಕಳ ದನಿಗಳ ಮಧ್ಯೆ ಒಂದು ದನಿ ಮಾತ್ರ ಬೇರೆ ವಾಕ್ಯ ಹೇಳುತ್ತಿದೆ ಅಂತ ಅನ್ನಿಸುತ್ತಿತ್ತು. ತಲೆ ಎತ್ತಿ ಎಣಿಸುತ್ತಿದ್ದೆ. ಎಷ್ಟಿರಬೇಕೋ ಅಷ್ಟೇ ಇರುತ್ತಿದ್ದವು.

ನನ್ನ ಪಾಠವೂ ಬೇರೆಯಾಗಿತ್ತು. ಯಾವ ಮಗು ಏನು ಬರೆದರೂ ತಪ್ಪು ನೋಡುವ ಮುಂಚೆ ಕೇಳುತ್ತಿದ್ದೆ, ಇದು ನಿಜವಾ, ಪಾಠವಾ? ಮಕ್ಕಳಿಗೆ ಅದೊಂದು ಆಟ.

"ಹುಲಿ ಬಂತು ಆದ್ದರಿಂದ ನಾನು ಮರ ಹತ್ತಿದೆ. ನಿಜವಾ?"

"ಪಾಠ ಅವ್ವಾ! ಇಲ್ಲಿ ಎಲ್ಲಿ ಮರ ಇದೆ?"

"ಕಾಲಿಗೆ ಮುಳ್ಳು ಚುಚ್ಚಿತು. ನಿಜವಾ?"

"ನಿಜ" ಅಂದರೆ ಕಾಲು ಹಿಡಿದು ನೋಡುವೆ. ಟೀಚರಮ್ಮ ಒಂದು ಸಲ ನೋಡಿ, "ಎಲ್ಲದಕ್ಕೂ ಹಿಂಗೆ ಕೇಳ್ತಾ ಕೂತ್ರೆ ಪಾಠ ಯಾವಾಗ ಮುಗಿಯೋದು?" ಅಂದರು. ಮುಗಿಯದೇ ಇರಲಿ ಅಂದೆ.

ಒಂದು ಬೆಳಿಗ್ಗೆ ಚಿಕ್ಕವಳು ಬಂದು ಹೊಟ್ಟೆ ಹಿಡಿದುಕೊಂಡು ನಿಂತಳು. "ಅವ್ವಾ, ಹೊಟ್ಟೆ ನೋವು."

ನಾನು ಅವಳನ್ನು ಹೇಗೆ ಎತ್ತಿಕೊಂಡೆ, ಈ ಮಂಡಿ ಹೇಗೆ ನಡೆಯಿತು, ನೆನಪಿಲ್ಲ. ಚಪ್ಪಲಿ ಮೆಟ್ಟಿರಲಿಲ್ಲ. ರಸ್ತೆಗೆ ಓಡಿ ಆಟೋ ನಿಲ್ಲಿಸಿ ಮಾಲೂರಿಗೆ ಹೋದೆ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಹುಣಸೆಕಾಯಿ ತಿಂದಿದ್ದಾಳೆ, ಇನ್ನೇನೂ ಇಲ್ಲ" ಅಂತ ನಕ್ಕರು. ಇನ್ನೊಂದು ಸಲ ನೋಡಿ ಅಂದೆ. ನೋಡಿದರು. ಮತ್ತೊಂದು ಸಲ ಅಂದೆ. "ಅಜ್ಜಿ, ಮಗುಗಿಂತ ನಿಮಗೇ ಔಷಧಿ ಬೇಕು" ಅಂದರು.

ವಾಪಸು ಬರುವಷ್ಟರಲ್ಲಿ ಸುದ್ದಿ ಹೋಗಿ ತಾಯಿ ರಸ್ತೆಯಲ್ಲೇ ನಿಂತಿದ್ದಳು. ಮಗುವನ್ನು ಕಿತ್ತುಕೊಂಡು ಮೈಯೆಲ್ಲ ಮುಟ್ಟಿ ನೋಡಿದಳು. ಹುಣಸೆಕಾಯಿ ಅಂತ ಗೊತ್ತಾದ ಮೇಲೆ ನನ್ನ ಕಾಲು ಮುಟ್ಟಲು ಬಗ್ಗಿದಳು.

"ನೀನಿದ್ದೀಯ ಅಂತಲೇ ಇದನ್ನ ಇಲ್ಲಿ ಬಿಟ್ಟು ಇಟ್ಟಿಗೆ ಹೊರ್ತೀನಿ ಅವ್ವಾ. ದೊಡ್ಡದೂ ನಿನ್ನ ಹತ್ರ ಬಾಯಿ ಬಿಟ್ಟು ಹೇಳಿದ್ದಿದ್ರೆ ಉಳೀತಿತ್ತು."

ಇನ್ನು ಮುಚ್ಚಿಡಲು ಆಗಲಿಲ್ಲ.

"ಹೇಳಿತ್ತು ಕಣೇ ಅಮ್ಮಾಯಿ" ಅಂದೆ.

ಮಗುವನ್ನು ಆಡಲು ಕಳಿಸಿ, ಒಣಗಲು ಹಾಕಿದ ಸಾಲುಗಳ ಮಧ್ಯೆ ನಿಂತು ಎಲ್ಲಾ ಹೇಳಿದೆ. ಏನು ಬರೆದಿತ್ತು, ಒತ್ತು ಹಾಕು ಅಂದದ್ದು, ಬಸುರಿ ಅಂದದ್ದು, ಮನೆಗೆ ಹೋಗ್ಲಾ ಅಂತ ಕೇಳಿದ್ದು, ಗೋಡೆ. ಮುದ್ದೆಯ ಮಾತು ನಾನೇ ಕಟ್ಟಿದ್ದು ಅಂತಲೂ ಹೇಳಿದೆ. ಅವಳು ನಾನು ಮಾತಾಡುವಷ್ಟು ಹೊತ್ತೂ ಬಗ್ಗಿ ಇಟ್ಟಿಗೆಗಳನ್ನು ಮಗ್ಗುಲು ತಿರುಗಿಸುತ್ತಿದ್ದಳು. ನಾನು ಬಾಯಿ ಮುಚ್ಚಿದ ಮೇಲೂ ಸಾಲು ಮುಗಿಯುವ ತನಕ ನಿಲ್ಲಿಸಲಿಲ್ಲ.

"ಶಾಲೆಗೆ ಹೋಗು ಅಂದಿದ್ದು ನಿಜ" ಅಂದಳು. "ಕಳ್ಳಾಟ ಆಡ್ತಾಳೆ ಅಂದ್ಕೊಂಡೆ."

"ನಾನೂ."

"ನೀನು ಸುಮ್ನಿರು." ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದು ನಾನು ಕೇಳಿರಲಿಲ್ಲ. "ನೀನು ಓದು ಬಂದವಳು. ನಾನು ಕಿವೀಲಿ ಕೇಳಿದೆ, ನೀನು ಓದಿದೆ. ಕೇಳಿದ್ದು ಮರೆತೋಗ್ತದೆ, ನೀನು ಕಣ್ಣಾರೆ ಓದಿದ್ಯಲ್ಲೇ! ಒಂದು ವರ್ಷ ಆ ಮುದ್ದೆ ಮಾತು ಹಿಡ್ಕೊಂಡು ಬದುಕಿದೀನಿ. ಅದನ್ನಾದ್ರೂ ನನ್ನ ಪಾಲಿಗೆ ಬಿಟ್ಟಿದ್ರೆ ಆಗ್ತಿರ್ಲಿಲ್ವಾ ನಿಂಗೆ?"

ಹೇಳಿದ್ದು ಅವಳಿಗೋಸ್ಕರವೋ, ನನ್ನ ಭಾರ ಇಳಿಸಿಕೊಳ್ಳಲೋ ಅಂತ ಕೇಳಿದರೆ ಎರಡನೆಯದೇ ಜಾಸ್ತಿ.

ಎಂಟು ದಿನ ಅವಳು ನನ್ನ ಮುಖ ನೋಡಲಿಲ್ಲ. ಮಗುವನ್ನು ಮಾತ್ರ ಕಳಿಸುವುದು ಬಿಡಲಿಲ್ಲ. ಅದು ಬರುವುದು, ಕೈ ಕಟ್ಟಿ ಅಕ್ಕನ ಮಾತು ರಾಗವಾಗಿ ಹೇಳುವುದು. ತಾಯಿ ಅದಕ್ಕೆ ಏನೂ ಹೇಳಿಲ್ಲ ಅಂತ ನನಗೆ ಅದರಿಂದಲೇ ಗೊತ್ತಾಯಿತು.

ಒಂಬತ್ತನೇ ದಿನ ಮಧ್ಯಾಹ್ನದ ಬಿಡುವಿನಲ್ಲಿ ಅವಳೇ ಬಂದಳು. ಮಕ್ಕಳು ಉಣ್ಣಲು ಹೋಗಿದ್ದವು. ಇಟ್ಟಿಗೆ ಹೊರಲು ತಲೆಗೆ ಇಟ್ಟಿದ್ದ ಬಟ್ಟೆಯ ಸಿಂಬಿ ತೆಗೆದು ಪಕ್ಕಕ್ಕೆ ಇಟ್ಟು ನನ್ನ ಎದುರು ನೆಲದ ಮೇಲೆ ಕೂತಳು.

"ಅದು ಬರೆದಿದ್ದು ಹೇಳು. ಒಂದೊಂದೇ."

ಹೇಳಿದೆ. ನನಗೆ. ಹೊಟ್ಟೆ. ನೋಯುತ್ತದೆ. ಅವಳು ನನ್ನ ಹಿಂದೆಯೇ ಹೇಳಿದಳು. ಆದರೆ. ಅಲ್ಲಿ ನಿಂತು, "ಆದರೆ ಅಂದ್ರೆ ಕಾನಿ ತಾನೇ?" ಅಂತ ಕೇಳಿ, ಹೂಂ ಅಂದ ಮೇಲೆ ಮುಂದಕ್ಕೆ ಹೋದಳು. ಅಮ್ಮ. ಶಾಲೆಗೆ ಹೋಗು. ಎಂದಳು. ಮೊದಲಿಂದ ಮತ್ತೆ ಹೇಳಿದಳು. ಐದಾರು ಸಲ ಹೇಳಿ, ತಪ್ಪದೆ ಬಾಯಿಗೆ ಬಂತು ಅಂತ ಗೊತ್ತಾದ ಮೇಲೆ ನಿಲ್ಲಿಸಿದಳು.

"ಇದು ನನ್ನ ಹತ್ರ ಇರ್ಲಿ. ಚಿಕ್ಕದು ಹೇಳೋದು ಹೇಳ್ಕೊಳ್ಲಿ, ನೀನು ತಿದ್ದೋಕೆ ಹೋಗ್ಬೇಡ."

"ದೊಡ್ಡವಳಾದ ಮೇಲೆ ಕೇಳಿದ್ರೆ?"

"ಆವಾಗ ನಾನು ಹೇಳ್ತೀನಿ. ನೀನಲ್ಲ."

ಸಿಂಬಿ ತಲೆಗೆ ಇಟ್ಟುಕೊಂಡು ಎದ್ದಳು. ಗೂಡಿಗೆ ಇನ್ನೂ ನಾಲ್ಕು ಸಾಲು ಹೊರುವುದಿತ್ತು. ಮಕ್ಕಳು ಕೈ ತೊಳೆದು ಬರುತ್ತಿದ್ದವು, ಮುಂದೆ ಚಿಕ್ಕವಳು, ಅದೇ ರಾಗ. ತಾಯಿ ಅವಳನ್ನು ದಾಟುವಾಗ ನಿಲ್ಲಲಿಲ್ಲ. ಕೈ ಚಾಚಿ ಮಗುವಿನ ಹೊಟ್ಟೆ ಒಂದು ಸಲ ಒತ್ತಿ ನೋಡಿ ಹೋದಳು.